ಸಿ ಭಾಷೆಗೆ ಮೊದಲ ಪುಸ್ತಕ ಯಾವುದು?

ಸಿ ಭಾಷೆ ಕಲಿಯಬೇಕೆಂದವರಿಗೆ ತಿಳಿದವರು ಥಟ್ಟನೆ ಸೂಚಿಸುವ ಪುಸ್ತಕ, ಬ್ರಯಾನ್ ಕರ್ನಿಹಾನ್ ಮತ್ತು ಡೆನ್ನಿಸ್ ರಿಚಿ ಬರೆದ ‘ದಿ ಸಿ ಪ್ರೋಗ್ರಾಮಿಂಗ್ ಲಾಂಗ್ವೇಜ್’. ರಿಚಿ ಈ ಭಾಷೆಯ ಜನಕರು. ಪುಸ್ತಕ ಬಂದದ್ದು 1978ರಲ್ಲಿ, ಎರಡನೇ ಆವೃತ್ತಿ 1988ರಲ್ಲಿ. ದೇವದುರ್ಗ, ಮಾನ್ವಿಗಳಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಡಿಪ್ಲೊಮಾಕ್ಕೋ ಪದವಿಗೋ ರಾಯಚೂರು ನಗರಕ್ಕೆ ಬರುವ ವಿದ್ಯಾರ್ಥಿಯ ಕೈಗೆ ಇದನ್ನು ಕೊಡಬಹುದೇ?

ಪುಸ್ತಕದ ಹೆಚ್ಚುಗಾರಿಕೆ ಮೊದಲ ಅಧ್ಯಾಯದಲ್ಲೇ ಕಾಣುತ್ತದೆ. ಫ್ಯಾರನ್‌ಹೀಟನ್ನು ಸೆಲ್ಸಿಯಸ್‌ಗೆ ಬದಲಿಸುವಾಗ ಲೇಖಕರು ಮೊದಲು 5ರಿಂದ ಗುಣಿಸಿ ಆಮೇಲೆ 9ರಿಂದ ಭಾಗಿಸುತ್ತಾರೆ. ಏಕೆ? ಪೂರ್ಣಾಂಕಗಳ ಭಾಗಾಕಾರದಲ್ಲಿ ಸಿ ಭಿನ್ನಾಂಶವನ್ನು ಕತ್ತರಿಸಿ ಹಾಕುತ್ತದೆ. 5/9 ಎಂದರೆ ಸೊನ್ನೆ. ರಾಯಚೂರಿನ ಬೇಸಗೆಯ 104 ಡಿಗ್ರಿ ಫ್ಯಾರನ್‌ಹೀಟ್ 40 ಸೆಲ್ಸಿಯಸ್ ಆಗಬೇಕು. 5/9ನ್ನು ಮೊದಲು ಬರೆದರೆ ಬರುವ ಉತ್ತರ ಸೊನ್ನೆ, ಅಂದರೆ ನೀರು ಹೆಪ್ಪುಗಟ್ಟುವ ಚಳಿ! ಸೂತ್ರ ಸರಿ, ಉತ್ತರ ತಪ್ಪು. ಗಣಿತ ಶಿಕ್ಷಕರು ಇದೊಂದನ್ನೇ ಒಂದು ಪೂರ್ತಿ ಪೀರಿಯಡ್ ಚರ್ಚಿಸಬಹುದು.

ಅದೇ ಅಧ್ಯಾಯದಲ್ಲಿ ಪೂರ್ಣಾಂಕದ ಗಾತ್ರ ಗಣಕವನ್ನು ಅವಲಂಬಿಸಿದೆ ಎಂಬ ಎಚ್ಚರಿಕೆಯೂ ಇದೆ. ಮಾನ್ವಿಯ ರೈತರೊಬ್ಬರ 500 ಚೀಲ ಭತ್ತ, ಚೀಲಕ್ಕೆ 75 ಕಿಲೋ ಎನ್ನಿ. ಹಳೆಯ ಟರ್ಬೊ ಸಿ ಯಲ್ಲಿ ಪೂರ್ಣಾಂಕ 16 ಬಿಟ್‌ನದು. ಗರಿಷ್ಠ ಬೆಲೆ 32767. ಗುಣಲಬ್ಧ 37500ರ ಬದಲು ಋಣ 28036 ಬರುತ್ತದೆ. ಇಂದಿನ ಜಿಸಿಸಿ ಯಲ್ಲಿ ಸಾಮಾನ್ಯ ಗಣಕದ ಮೇಲೆ ಪೂರ್ಣಾಂಕ 32 ಬಿಟ್‌ನದಾದ್ದರಿಂದ ಉತ್ತರ ಸರಿ.

ಆದರೆ ಆಕ್ಷೇಪಗಳೂ ಇವೆ. ಚರಾಂಕ, ಲೂಪ್, ಫಂಕ್ಷನ್‌ಗಳ ಪರಿಚಯ ಓದುಗನಿಗಿದೆ ಎಂದೇ ಪುಸ್ತಕ ಭಾವಿಸುತ್ತದೆ. ತಾನು ಆರಂಭಿಕರ ಕೈಪಿಡಿಯಲ್ಲವೆಂದು ಮುನ್ನುಡಿಯಲ್ಲೇ ಒಪ್ಪಿಕೊಂಡಿದೆ. ಇಂಗ್ಲಿಷ್ ಸರಳವಾದರೂ ಬಹಳ ಬಿಗಿ, ಒಂದು ವಾಕ್ಯ ತಪ್ಪಿದರೆ ಮುಂದಿನ ಪುಟ ಅರ್ಥವಾಗದು. ಇನ್ನೊಂದು ತೊಡಕು ಕಾಲದ್ದು. ಪುಸ್ತಕದ ಮೊಟ್ಟಮೊದಲ ಪ್ರೋಗ್ರಾಮಿನಲ್ಲಿ ಮೇನ್‌ನ ಹಿಂದೆ ‘ಇಂಟ್’ ಇಲ್ಲ. 2024ರ ಜಿಸಿಸಿ 14 ಅದನ್ನು ದೋಷವೆಂದು ತಿರಸ್ಕರಿಸುತ್ತದೆ. ಗೆಟ್‌ಲೈನ್ ಎಂಬ ಫಂಕ್ಷನ್ ಲಿನಕ್ಸ್‌ನಲ್ಲಿ ಈಗಾಗಲೇ ಇರುವ ಹೆಸರಿನೊಡನೆ ಡಿಕ್ಕಿ ಹೊಡೆಯುತ್ತದೆ. ಮೊದಲ ದಿನವೇ ಎಡವಿದ ವಿದ್ಯಾರ್ಥಿ ತನಗೆ ತಲೆಯಿಲ್ಲವೆಂದುಕೊಳ್ಳುತ್ತಾನೆ; ತಪ್ಪು ಅವನದಲ್ಲ.

ಹಾಗೆಂದು ಪರೀಕ್ಷೆಯ ಗೈಡುಗಳ ಮೊರೆಹೋಗುವುದು ಇನ್ನೂ ಕೆಟ್ಟದ್ದು. ‘ವಾಯ್ಡ್ ಮೇನ್’, ‘ಸಿಎಲ್ಆರ್‌ಎಸ್‌ಸಿಆರ್’ ಇವನ್ನು ಮಂತ್ರದಂತೆ ಬಾಯಿಪಾಠ ಮಾಡಿಸುವ ಗೈಡುಗಳು ಕಲಿಸುವುದು ಸಿ ಯನ್ನಲ್ಲ, ಡಾಸ್ ಕಾಲದ ಒಂದು ಕಂಪೈಲರನ್ನು. ಗೆಟ್ಸ್ ಫಂಕ್ಷನ್ನನ್ನು 2011ರ ಮಾನಕದಿಂದಲೇ ತೆಗೆದುಹಾಕಿದ್ದರೂ ಅದನ್ನು ಕಲಿಸುವವರಿದ್ದಾರೆ.

ಶಿಕ್ಷಕರು ಮೊದಲ ಎರಡು ವಾರ ಕನ್ನಡದಲ್ಲೇ ಚರಾಂಕ, ಲೂಪ್‌ಗಳನ್ನು ಹೇಳಿಕೊಟ್ಟು, ಅನಂತರ ಈ ಪುಸ್ತಕದ ಮೊದಲ ಅಧ್ಯಾಯಕ್ಕೆ ಬರಲಿ. ಜಿಸಿಸಿ ಉಚಿತ, ಹಳೆಯ ಗಣಕದಲ್ಲೂ ನಡೆಯುತ್ತದೆ. ಅದರ ‘ವಾಲ್’ ಎಂಬ ಆಯ್ಕೆಯನ್ನು ಸದಾ ಬಳಸಿ. ಸ್ಕ್ಯಾನ್‌ಎಫ್‌ನಲ್ಲಿ ವಿಳಾಸದ ಚಿಹ್ನೆ ಬಿಟ್ಟುಹೋದರೆ ಅದು ಎಚ್ಚರಿಸುತ್ತದೆ. 5/9ರ ತಪ್ಪನ್ನು ಮಾತ್ರ ನೀವೇ ಕಂಡುಹಿಡಿಯಬೇಕು. ಪಾಯಿಂಟರುಗಳ ಐದನೇ ಅಧ್ಯಾಯವನ್ನು ಒಂದು ಸೆಮಿಸ್ಟರ್ ತಡವಾಗಿ ಓದಿದರೂ ನಷ್ಟವಿಲ್ಲ.