ದೇವರ ಮಾತಿಗೆ ಕಟ್ಟಳೆ: ಮುಂಬಯಿಯ ತಾಳಮದ್ದಳೆಯನ್ನು ಮುಂದಿಟ್ಟುಕೊಂಡು ಕೆಲವು ವಿಚಾರಗಳು

ತಾಳಮದ್ದಳೆಯ ವಿಮರ್ಶೆ ನಮ್ಮಲ್ಲಿ ಬಹುಮಟ್ಟಿಗೆ ಅರ್ಥಧಾರಿಗಳ ವಿಮರ್ಶೆಯಾಗಿಯೇ ಬೆಳೆದಿದೆ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ, ದೇರಾಜೆ ಸೀತಾರಾಮಯ್ಯನವರ ಮಾತಿನ ಹದ, ಸಾಮಗ ಸೋದರರ ವಾಗ್ಝರಿ ಎಂದು ವ್ಯಕ್ತಿಗಳನ್ನು ಹಿಡಿದು ನಾವು ಮಾತನಾಡಿದ್ದೇವೆ. ಅದು ತಪ್ಪಲ್ಲ. ಆದರೆ ವೇಷವಿಲ್ಲದೆ, ಕುಣಿತವಿಲ್ಲದೆ, ಭಾಗವತರು ಹಾಡುವ ಪದ್ಯಗಳಷ್ಟನ್ನೇ ಆಧಾರವಾಗಿಟ್ಟುಕೊಂಡು, ಮೊದಲೇ ಬರೆದಿಡದ ಮಾತಿನಿಂದ ನಾಲ್ಕೈದು ಮಂದಿ ಒಂದು ಕಿಷ್ಕಿಂಧೆಯನ್ನೋ ದ್ವಾರಕೆಯನ್ನೋ ಕಟ್ಟಿ ನಿಲ್ಲಿಸುವುದು ಯಾವ ಕಟ್ಟಳೆಗಳ ಬಲದಿಂದ ಎಂಬ ಪ್ರಶ್ನೆಗೆ ಅಷ್ಟು ಗಮನ ಸಂದಿಲ್ಲ. ಆ ಕಟ್ಟಳೆಗಳು ಇವೆ, ಬರೆಹದಲ್ಲಿಲ್ಲ, ಅಷ್ಟೆ.

ಅವುಗಳನ್ನು ಬರೆಯಬೇಕಾದ ಪ್ರಸಂಗ ನನಗೆ ಒದಗಿದ್ದು ಮುಂಬಯಿಯಲ್ಲಿ. ಉಪನಗರದ ಒಂದು ಕನ್ನಡ ಸಂಘ ಕಾಲೇಜು ವಿದ್ಯಾರ್ಥಿಗಳಿಗಾಗಿ ತಾಳಮದ್ದಳೆ ಸ್ಪರ್ಧೆಯೊಂದನ್ನು ಏರ್ಪಡಿಸಿ, ನಿಯಮಾವಳಿಯ ಕರಡನ್ನು ತಿದ್ದಿಕೊಡುವಂತೆ ಕೇಳಿತು. ಮಧ್ಯಕಾಲೀನ ಸಾಹಿತ್ಯದಲ್ಲಿ ಸಂಶೋಧನೆ ಮಾಡಿದವನಿಗೆ ಪುರಾಣದ ಆಟವೂ ತಿಳಿದಿರುತ್ತದೆ ಎಂಬುದು ಅವರ ಔದಾರ್ಯ.

ಈ ಮಹಾನಗರಕ್ಕೂ ತಾಳಮದ್ದಳೆಗೂ ಇರುವ ನಂಟನ್ನು ಇಲ್ಲಿ ನೆನೆಯಬೇಕು. ಹೋಟೆಲುಗಳಲ್ಲಿ ಹಗಲು ದುಡಿದು, 1902ರಲ್ಲಿ ಸ್ಥಾಪಿತವಾದ ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಸ್ಥೆಗಳ ರಾತ್ರಿಶಾಲೆಗಳಲ್ಲಿ ಓದಿದ ಕರಾವಳಿಯ ಜನ ತಮ್ಮೊಡನೆ ಈ ಕಲೆಯನ್ನೂ ತಂದರು. ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಮೇಳಗಳ ಕಲಾವಿದರಿಗೆ ಮಳೆಗಾಲ ಬಿಡುವಿನ ಕಾಲ. ಆಗ ಅವರು ಮುಂಬಯಿಗೆ ಬರುತ್ತಾರೆ. 1998ರಲ್ಲಿ ಕೊಂಕಣ ರೈಲುಮಾರ್ಗ ಪೂರ್ಣವಾಗಿ ತೆರೆದ ಮೇಲೆ ಈ ಬರುಹೋಗು ಇನ್ನೂ ಸುಲಭವಾಯಿತು. ಆದರೆ ಊರಿನ ಕೂಟಕ್ಕೆ ಬೆಳಗಿನ ಜಾವವೇ ಗಡುವಾದರೆ ಇಲ್ಲಿ ಕೊನೆಯ ಲೋಕಲ್ ಗಾಡಿಯೇ ಗಡುವು. ಮೂರು ಗಂಟೆಯೊಳಗೆ ವಾಲಿ ಸಾಯಬೇಕು. ಕಾಲ ಕಿರಿದಾದಾಗ ಸಹಮಾತಿಗಿಂತ ಗೆಲುಮಾತಿಗೆ ಬೆಲೆ ಹೆಚ್ಚುವುದು ಸಹಜ.

ನನ್ನ ಕೈಗೆ ಬಂದ ಕರಡಿನಲ್ಲಿ ಈ ಒಲವು ಸ್ಪಷ್ಟವಾಗಿತ್ತು. ಭಾಷಾಶುದ್ಧಿ, ಪುರಾಣಜ್ಞಾನ ಇತ್ಯಾದಿಗಳಿಗೆ ಅಷ್ಟಿಷ್ಟು ಅಂಕಗಳನ್ನು ಹಂಚಿ, ಅತಿ ಹೆಚ್ಚಿನ ಅಂಕವನ್ನು 'ಎದುರಾಳಿಯನ್ನು ನಿರುತ್ತರಗೊಳಿಸುವ ಸಾಮರ್ಥ್ಯ'ಕ್ಕೆ ಮೀಸಲಿಡಲಾಗಿತ್ತು. ಕುಂಬಳೆಯ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳಲ್ಲಿ ಬರುವ ವಾಲಿವಧೆಯನ್ನು ಇದಕ್ಕೆ ಒಡ್ಡಿ ನೋಡೋಣ. ಮರೆಯಲ್ಲಿ ನಿಂತು ಬಾಣ ಬಿಟ್ಟುದೇಕೆ ಎಂದು ವಾಲಿ ಕೇಳುತ್ತಾನೆ. ರಾಮ ನಿರುತ್ತರನಾದರೆ ಸ್ಪರ್ಧಿಗೆ ಪೂರ್ಣ ಅಂಕ. ಆದರೆ ಮುಂದಿನ ಪದ್ಯಗಳಲ್ಲಿ ವಾಲಿ ಅದೇ ರಾಮನಿಗೆ ಕೈಮುಗಿದು, ಅಂಗದನನ್ನು ಒಪ್ಪಿಸಿ, ಸದ್ಗತಿ ಪಡೆಯಬೇಕಾಗಿದೆ. ಹಾಗೆ ಗೆದ್ದ ವಾಲಿಗೆ ಸಾಯಲು ದಾರಿಯೇ ಉಳಿದಿರುವುದಿಲ್ಲ. ಒಳ್ಳೆಯ ವಾಲಿ ತನ್ನ ಪ್ರಶ್ನೆಯ ಮೊನೆಯನ್ನು ಮೊಂಡು ಮಾಡದೆಯೇ, ರಾಮನ ಉತ್ತರ ಬಂದು ಕೂರಲು ಒಂದು ಮಣೆಯನ್ನೂ ಹಾಕಿಕೊಡುತ್ತಾನೆ. ಈ ಮಣೆಗೆ ಅಂಕವಿಲ್ಲದ ನಿಯಮಾವಳಿ ತಾಳಮದ್ದಳೆಯದಲ್ಲ, ಚರ್ಚಾಕೂಟದ್ದು.

ನಾನು ಆ ಕಲಮನ್ನು ತೆಗೆದು, ಅಂಕ ಜೋಡಿಗೆ ಸಲ್ಲತಕ್ಕದ್ದು, ಒಬ್ಬೊಬ್ಬರಿಗಲ್ಲ ಎಂದು ಬರೆದೆ. ಎರಡನೆಯದಾಗಿ, ಎದುರಿನ ಪಾತ್ರ ಹೇಳಿದ ಸಂಗತಿಯನ್ನು ನಡೆದಿಲ್ಲವೆಂದು ಅಲ್ಲಗಳೆಯಬಾರದು, ಅದರ ಅರ್ಥವನ್ನು ಬೇರೆಯಾಗಿಸಬಹುದು ಎಂಬುದನ್ನು ಸೇರಿಸಿದೆ. ಹಿರಿಯ ಅರ್ಥಧಾರಿಗಳನ್ನು ಕೇಳುತ್ತ ಬಂದವರಿಗೆ ಇದು ಹೊಸತಲ್ಲ.

ಈ ಎರಡನೆಯ ಕಟ್ಟಳೆಯನ್ನು ಬರೆಯುವಾಗ ನನ್ನ ಮನಸ್ಸಿನಲ್ಲಿದ್ದುದು ಶೂನ್ಯಸಂಪಾದನೆ. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ಮೊದಲು ಸಂಕಲಿಸಿದ ಈ ಕೃತಿಯನ್ನು ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣಾರ್ಯರು ಮತ್ತೆ ಮತ್ತೆ ರೂಪಿಸಿದರು. ಶರಣರ ವಚನಗಳು ಅಲ್ಲಿ ಮೊದಲೇ ಇದ್ದವು. ಯಾವ ವಚನ ಯಾರಿಗೆ, ಯಾವ ಗಳಿಗೆಯಲ್ಲಿ, ಏಕೆ ಹೇಳಿದ್ದು ಎಂಬ ಸನ್ನಿವೇಶವನ್ನು ಸಂಪಾದಕರು ಕಟ್ಟಿದರು. ತಾಳಮದ್ದಳೆಯಲ್ಲಿ ಇದು ತಿರುವುಮುರುವು. ಅಲ್ಲಿ ಮಾತು ಸ್ಥಿರ, ಸನ್ನಿವೇಶ ಚರ. ಇಲ್ಲಿ ಸನ್ನಿವೇಶ ಸ್ಥಿರ, ಮಾತು ಚರ. ಎರಡರಲ್ಲೂ ಯಾರೂ ಮುಟ್ಟದ ಒಂದು ಭಾಗವಿರುವುದರಿಂದಲೇ ಹಲವು ಕೈಗಳು ಕೂಡಿ ದುಡಿಯುವುದು ಸಾಧ್ಯವಾಯಿತು. ಸಿದ್ಧರಾಮನ ದೀಕ್ಷೆಯ ಪ್ರಸಂಗ ಈ ನಾಲ್ಕು ಸಂಪಾದನೆಗಳ ನಡುವಣ ಭಿನ್ನತೆಯ ಒಂದು ಮುಖ್ಯ ನೆಲೆಯೆಂಬುದು ವಿದ್ವಾಂಸರಿಗೆ ತಿಳಿದದ್ದೇ. ಹಿಂದಿನವರು ಕಟ್ಟಿದ್ದು ಒಪ್ಪಿಗೆಯಾಗದಾಗ ಮುಂದಿನವರು ಇಡೀ ಸಂಪಾದನೆಯನ್ನೇ ಮರಳಿ ಮಾಡಬಹುದಿತ್ತು. ಅರ್ಥಧಾರಿಗೆ ಅಷ್ಟು ಬಿಡುವಿಲ್ಲ. ಎದುರಿನವರ ಮಾತು ಮುಗಿದ ಗಳಿಗೆಯಲ್ಲೇ ಅದನ್ನು ಹೊತ್ತುಕೊಂಡು ಅವನು ನಡೆಯಬೇಕು.

ದೇವರು ಪಾತ್ರವಾಗಿ ಬಂದಾಗ ತೊಡಕು ಇನ್ನೂ ಹೆಚ್ಚು. ಎಲ್ಲವನ್ನೂ ಬಲ್ಲವನೊಡನೆ ವಾದ ಮಾಡುವುದು ಹೇಗೆ? 'ನಾನು ಪರಮಾತ್ಮ, ಇದು ನನ್ನ ಸಂಕಲ್ಪ' ಎಂದು ಪೀಠಿಕೆಯಲ್ಲೇ ಹೇಳಿಬಿಡುವ ಕೃಷ್ಣನ ಮುಂದೆ ಉಳಿದವರಿಗೆ ಕೆಲಸವಿಲ್ಲ. ಆದ್ದರಿಂದ ಪದ್ಯ ತೆರೆದು ತೋರಿಸುವವರೆಗೆ ಅವತಾರಪುರುಷ ತನ್ನ ದೈವತ್ವವನ್ನು ವಾದದ ಆಯುಧವಾಗಿ ಬಳಸಬಾರದು ಎಂಬುದು ಮೂರನೆಯ ಕಟ್ಟಳೆಯಾಯಿತು. ಸಂಘದ ಹಿರಿಯರೊಬ್ಬರು ಇದರಿಂದ ದೇವರಿಗೆ ಕುಂದು ಎಂದರು. ನನಗೆ ಹಾಗನ್ನಿಸುವುದಿಲ್ಲ. ಉತ್ತರ ಕೊಡುವ ಹೊಣೆಯನ್ನು ರಾಮನ ಮೇಲೆ ಹೊರಿಸಿದ್ದು ನಮ್ಮ ಕವಿಗಳೇ.

ಸ್ಪರ್ಧೆಗೆ ಆಯ್ದುಕೊಂಡ ಪ್ರಸಂಗ ಕೃಷ್ಣಾರ್ಜುನ ಕಾಳಗ. ಅಪರಾಧಿ ಗಯನನ್ನು ಕೊಲ್ಲುವುದಾಗಿ ಕೃಷ್ಣನ ಪ್ರತಿಜ್ಞೆ. ಯಾರ ಭಯವೆಂದು ತಿಳಿಯದೆ ಕೊಟ್ಟ ಅಭಯಕ್ಕೆ ಕಟ್ಟುಬಿದ್ದವನು ಅರ್ಜುನ. ಮರಾಠಿ ಶಾಲೆಯಲ್ಲಿ ಓದಿ ಮನೆಯಲ್ಲಿ ತುಳು ಆಡುವ ಹುಡುಗನೊಬ್ಬ ಅರ್ಜುನನಾಗಿದ್ದ. ಅವನು ನನ್ನ ಎರಡನೆಯ ಕಟ್ಟಳೆಯನ್ನು ಚೆನ್ನಾಗಿ ಓದಿಕೊಂಡಿದ್ದ. ಮೊದಲ ಸಂವಾದದಲ್ಲೇ, 'ಗಯನನ್ನು ಕ್ಷಮಿಸಿದ್ದೇನೆಂದು ನಿನ್ನೆ ಏಕಾಂತದಲ್ಲಿ ನೀನೇ ನನಗೆ ಹೇಳಲಿಲ್ಲವೇ?' ಎಂದುಬಿಟ್ಟ. ಪ್ರಸಂಗದಲ್ಲಿ ಇಲ್ಲದ ಸಂಗತಿ. ಆದರೆ ನಿಯಮದಂತೆ ಕೃಷ್ಣ ಅಲ್ಲಗಳೆಯುವಂತಿಲ್ಲ. ಕಾಳಗಕ್ಕೆ ಕಾರಣವೇ ಹೋಯಿತು. ಸಭೆಯಲ್ಲಿ ನಗು ಎದ್ದಿತು. ಭಾಗವತರು ಜಾಗಟೆಯ ಕೋಲನ್ನು ಕೈಗೆತ್ತಿಕೊಂಡವರು, ಬಾರಿಸದೆ ಕಾದರು.

ಕೃಷ್ಣನ ಅರ್ಥ ಹೇಳುತ್ತಿದ್ದ ಹುಡುಗಿ ತುಸು ಹೊತ್ತು ಸುಮ್ಮನಿದ್ದು, 'ಹೇಳಿದ್ದು ನಿಜ. ನಿನ್ನೆ ಹೇಳಿದವನು ನಿನ್ನ ಭಾವ. ಇಂದು ಬಂದವನು ಅರ್ಘ್ಯದ ನೀರನ್ನು ಕೈಯಲ್ಲಿ ಹಿಡಿದಿದ್ದವನು. ನೀನು ಅಭಯ ಕೊಡುವಾಗ ಭಾವನನ್ನು ಕೇಳಿದೆಯಾ?' ಎಂದಳು. ಅರ್ಜುನನಿಗೆ ಮಾತು ಹೊರಡಲಿಲ್ಲ. ಹೊರಟಾಗ ಅದು ಮೊದಲಿನ ಜಾಣತನದ ಮಾತಾಗಿರಲಿಲ್ಲ. ಭಾಗವತರು ಮುಂದಿನ ಪದ್ಯ ಎತ್ತಿದರು.

ತೀರ್ಪಿನ ಹೊತ್ತಿಗೆ ನಾವು ಮೂವರಲ್ಲಿ ಭಿನ್ನಾಭಿಪ್ರಾಯ ಬಂತು. ಪ್ರಸಂಗಕ್ಕೆ ದ್ರೋಹ ಬಗೆದ ಅರ್ಜುನನಿಂದಾಗಿ ಜೋಡಿಯ ಅಂಕ ಕಡಿಯಬೇಕೆಂದು ಒಬ್ಬರು. ನಾನೂ ಅವರ ಪಕ್ಷಕ್ಕೆ ನಿಂತೆ. ನನ್ನ ಕಟ್ಟಳೆಯನ್ನು ಅವನು ಬಲೆಯಾಗಿಸಿದ ಎಂಬ ಸಿಟ್ಟೂ ಅದರಲ್ಲಿತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ. ಅರ್ಜುನನ ಆ ಸುಳ್ಳಿಲ್ಲದೆ ಕೃಷ್ಣನ ಆ ಉತ್ತರ ಹುಟ್ಟುತ್ತಿರಲಿಲ್ಲ ಎಂಬುದು ಮೂರನೆಯವರ ವಾದ. ಬಹುಮತದಂತೆ ಆ ಜೋಡಿಗೆ ಬಹುಮಾನ ತಪ್ಪಿತು.

ಮರುವರ್ಷ ಕರಡು ಮತ್ತೆ ನನ್ನ ಬಳಿಗೆ ಬಂದಿತು. 'ಪ್ರಸಂಗದಲ್ಲಿಲ್ಲದ ಸಂಗತಿಯನ್ನು ಹೊಸದಾಗಿ ತರಬಾರದು' ಎಂಬ ಸಾಲನ್ನು ಸಂಘದವರು ಎರಡನೆಯ ಕಟ್ಟಳೆಯ ಕೆಳಗೆ ಬರೆದಿದ್ದರು. ಅದನ್ನು ಹೊಡೆದುಹಾಕಿ, ತರುವ ಸಂಗತಿಯನ್ನು ಪ್ರಸಂಗದ ಕೊನೆಯ ಪದ್ಯದವರೆಗೆ ಜೊತೆಗಾರನೊಡನೆ ತಾನೂ ಹೊರಬೇಕು ಎಂದು ಬರೆದು ಕಳುಹಿಸಿದೆ.