ದೊಡ್ಡ ಕಟ್ಟಡಕ್ಕೆ ಮರ: ಎರಡು ಅರ್ಧಸತ್ಯಗಳು

‘ಮರ ಉರಿಯುತ್ತದೆ, ಉಕ್ಕು ಉರಿಯುವುದಿಲ್ಲ, ಆದ್ದರಿಂದ ಕಾರ್ಖಾನೆ, ಗೋದಾಮುಗಳಿಗೆ ಉಕ್ಕೇ ಕ್ಷೇಮ.’ ತರಗತಿಯಲ್ಲಿ ನಾವು ಸಲೀಸಾಗಿ ಹೇಳಿಬಿಡುವ ಮಾತಿದು. ಪರಿಸರಸ್ನೇಹಿಯಾದ ಮರವನ್ನು ಎಲ್ಲೆಡೆ ಬಳಸಬಹುದೆಂಬ ಉತ್ಸಾಹ ಇನ್ನೊಂದು ಕಡೆ. ಎರಡೂ ಅರ್ಧಸತ್ಯಗಳೇ.

ಮೊದಲನೆಯದನ್ನು ಪರೀಕ್ಷಿಸೋಣ. ಉಕ್ಕಿನ ಉಷ್ಣವಾಹಕತೆ ಮರದ್ದಕ್ಕಿಂತ ನೂರಾರು ಪಟ್ಟು ಹೆಚ್ಚು. ರಕ್ಷಣೆಯಿಲ್ಲದ ಉಕ್ಕಿನ ತೊಲೆ ಬೆಂಕಿಯಲ್ಲಿ ಬೇಗನೆ ಕಾಯುತ್ತದೆ. ತಾಪ 600 ಡಿಗ್ರಿ ಸೆಲ್ಸಿಯಸ್ ತಲಪುವ ವೇಳೆಗೆ ಅರ್ಧಕ್ಕೂ ಹೆಚ್ಚು ಬಲ ಕಳೆದುಕೊಂಡಿರುತ್ತದೆ. ದಪ್ಪ ಮರದ ತೊಲೆಯಲ್ಲಾದರೋ ಹೊರಮೈ ಇದ್ದಲಾಗಿ, ಆ ಇದ್ದಲೇ ಒಳಗಿನ ಮರಕ್ಕೆ ಉಷ್ಣನಿರೋಧಕವಾಗುತ್ತದೆ. ಇದ್ದಲಾಗುವ ವೇಗ ನಿಮಿಷಕ್ಕೆ ಸುಮಾರು 0.7 ಮಿಮೀ. 300 ಮಿಮೀ ಅಗಲದ ತೊಲೆ ಒಂದು ಗಂಟೆ ಉರಿದರೆ ಎರಡೂ ಪಕ್ಕಗಳಲ್ಲಿ 42 ಮಿಮೀಯಂತೆ ಕಳೆದು 216 ಮಿಮೀ ಉಳಿಯುತ್ತದೆ. 50 ಮಿಮೀ ಹಲಗೆ ಸುಮಾರು 36 ನಿಮಿಷದಲ್ಲೇ ಪೂರ್ತಿ ಇದ್ದಲು! ವಸ್ತು ಒಂದೇ, ದಪ್ಪ ಬೇರೆ.

ಎರಡನೆಯ ಮಹಾಯುದ್ಧದಲ್ಲಿ ಉಕ್ಕಿನ ಅಭಾವವಿದ್ದಾಗ ಅಮೆರಿಕದ ನೌಕಾಪಡೆ ಆರೆಗಾನ್ ರಾಜ್ಯದ ಟಿಲ್ಲಮೂಕ್‌ನಲ್ಲಿ ವಾಯುನೌಕೆಗಳಿಗಾಗಿ ಎರಡು ಮರದ ಹ್ಯಾಂಗರ್‌ಗಳನ್ನು ಕಟ್ಟಿತು. ಒಂದೊಂದೂ ಸುಮಾರು 327 ಮೀಟರ್ ಉದ್ದ, 90 ಮೀಟರ್ ಅಗಲ, 58 ಮೀಟರ್ ಎತ್ತರ, ಒಳಗೆ ಕಂಬಗಳಿಲ್ಲ. ಮರದ ಸಾಮರ್ಥ್ಯಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಆದರೆ ಅವುಗಳ ಕಮಾನುಗಳು ಒಂದೇ ದಪ್ಪ ತೊಲೆಗಳಲ್ಲ, ಸಪೂರ ತುಂಡುಗಳನ್ನು ಜೋಡಿಸಿದ ಚೌಕಟ್ಟುಗಳು. ಅಂದರೆ ಗಾತ್ರಕ್ಕೆ ಹೋಲಿಸಿದರೆ ಬೆಂಕಿಗೆ ತೆರೆದ ಮೇಲ್ಮೈ ಹೆಚ್ಚು. 1992ರಲ್ಲಿ, ಒಣಹುಲ್ಲು ತುಂಬಿಟ್ಟಿದ್ದ ಒಂದು ಹ್ಯಾಂಗರ್ ಬೆಂಕಿಗೆ ಆಹುತಿಯಾಯಿತು. ಕ್ಯಾಲಿಫೋರ್ನಿಯಾದ ಟಸ್ಟಿನ್‌ನಲ್ಲಿದ್ದ ಇದೇ ಕಾಲದ ಮರದ ಹ್ಯಾಂಗರ್ ಒಂದು 2023ರ ನವೆಂಬರ್‌ನಲ್ಲಿ ಸುಟ್ಟುಹೋಯಿತು.

ಇನ್ನು ಎರಡನೆಯ ಅರ್ಧಸತ್ಯ. ಉಕ್ಕು ತುಕ್ಕು ಹಿಡಿಯುವ ಉಪ್ಪಿನ ಗೋದಾಮುಗಳಿಗೆ, ಹಲಗೆಗಳನ್ನು ಅಂಟಿಸಿ ಮಾಡಿದ ತೊಲೆಗಳು ಸೊಗಸಾಗಿ ಒಗ್ಗುತ್ತವೆ, ನಿಜ. ಆದರೆ ಅಂಟು? ಜರ್ಮನಿಯ ಬಾಡ್ ರೈಕನ್‌ಹಾಲ್‌ನ ಐಸ್ ಸ್ಕೇಟಿಂಗ್ ಸಭಾಂಗಣದ ಅಗಲವಾದ ಚಾವಣಿಯನ್ನೂ ಅಂಟಿಸಿದ ಮರದ ತೊಲೆಗಳೇ ಹೊತ್ತಿದ್ದವು. 2006ರ ಜನವರಿ 2ರಂದು, ಹಿಮದ ಭಾರವಿದ್ದಾಗ, ಅದು ಕುಸಿದು 15 ಜನ ಸತ್ತರು. ಅಲ್ಲಿ ಬಳಸಿದ್ದ ಯೂರಿಯಾ-ಫಾರ್ಮಾಲ್ಡಿಹೈಡ್ ಅಂಟು ತೇವವನ್ನು ದೀರ್ಘಕಾಲ ತಾಳುವಂಥದ್ದಲ್ಲ. ವಿನ್ಯಾಸದ ಲೆಕ್ಕದಲ್ಲೂ ದೋಷಗಳಿದ್ದವು. ಅಲ್ಲಿ ಬೆಂಕಿಯೇ ಇರಲಿಲ್ಲ!

ಆದ್ದರಿಂದ ‘ಮರವೋ ಉಕ್ಕೋ?’ ಎಂಬುದು ಅಪೂರ್ಣ ಪ್ರಶ್ನೆ. ದಪ್ಪವೆಷ್ಟು, ಜೋಡಣೆ ಎಂಥದು, ತೇವವೆಷ್ಟು, ಒಳಗೆ ಏನನ್ನು ಕೂಡಿಡುತ್ತಾರೆ? ವಿದ್ಯಾರ್ಥಿಗಳಿಗೆ ಉತ್ತರಕ್ಕಿಂತ ಮೊದಲು ಈ ಪ್ರಶ್ನೆಗಳನ್ನು ಕಲಿಸೋಣ.