ಮರುಮಾತಿಲ್ಲದ ವಾದ: ಕೊಡಗು, ಕರಾವಳಿಯ ಕರಪತ್ರಗಳ ಕಾಲ

ಸುಂಟಿಕೊಪ್ಪದಿಂದ ಕುಶಾಲನಗರಕ್ಕೆ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಕಾಫಿ ತೋಟಗಳ ಇಳಿಜಾರು ಮುಗಿದು ಕಾವೇರಿಯ ಬಯಲು ತೆರೆದುಕೊಳ್ಳುವ ಆ ಜಾಗದಲ್ಲಿ ಬೀಡುಬಿಟ್ಟಿದ್ದ ಲೆಫ್ಟಿನೆಂಟ್ ಕರ್ನಲ್ ಫ್ರೇಸರ್ 1834ರ ಮೇ 7ರಂದು ಒಂದು ಜಾಹೀರುನಾಮೆ ಹೊರಡಿಸಿದ. ಕೊಡಗಿನ ಪ್ರಜೆಗಳೆಲ್ಲ ಒಮ್ಮತದಿಂದ ಬಯಸಿದ್ದರಿಂದ ಕಂಪನಿ ಸರಕಾರ ಈ ದೇಶವನ್ನು ತನ್ನ ಆಶ್ರಯಕ್ಕೆ ತೆಗೆದುಕೊಂಡಿದೆ, ಇನ್ನು ಮುಂದೆ ಇಲ್ಲಿ ದೇಶೀ ಅರಸರ ಆಳ್ವಿಕೆ ಇರುವುದಿಲ್ಲ, ಪ್ರಜೆಗಳ ಧರ್ಮದ ನಡಾವಳಿಗೆ ಧಕ್ಕೆ ಬಾರದು ಎಂಬುದು ಅದರ ಸಾರ. ಇದಕ್ಕೆ ತಿಂಗಳ ಹಿಂದಷ್ಟೇ ಕಂಪನಿಯ ಸೇನೆ ನಾಲ್ಕು ದಿಕ್ಕಿನಿಂದ ನುಗ್ಗಿತ್ತು. ಗುಂಡಿಕ್ಕಿ ತಡೆದವರೂ ಇದ್ದರು, ತಡೆಯುವ ಹೊತ್ತಿನಲ್ಲಿ ಸತ್ತವರೂ ಇದ್ದರು. ಹಾಗಿದ್ದೂ 'ಒಮ್ಮತ' ಎಂಬ ಮಾತು ಕಾಗದದ ಮೇಲೆ ಕೂತಿತು. ಕೊಡಗಿನ ಮಟ್ಟಿಗೆ ರಾಜಕೀಯ, ಧರ್ಮ ಮತ್ತು ಹಂಚುವ ಕಾಗದ ಒಂದಕ್ಕೊಂದು ಹೆಣೆದುಕೊಂಡದ್ದು ಈ ಒಂದು ಹಾಳೆಯಲ್ಲಿ ಎಂದು ನಾನು ತಿಳಿಯುತ್ತೇನೆ.

ಆ ಹಾಳೆಗೆ ಉತ್ತರ ಬರಲು ಮೂರು ವರ್ಷ ಹಿಡಿಯಿತು. ಕೊಡಗಿನಿಂದ ಕಿತ್ತು ಕೆನರಾ ಜಿಲ್ಲೆಗೆ ಸೇರಿಸಿದ ಅಮರ ಸುಳ್ಯ, ಪುತ್ತೂರು ಸೀಮೆಯ ರೈತರು, ಅದುವರೆಗೆ ಬೆಳೆಯಲ್ಲಿ ಸಲ್ಲಿಸುತ್ತಿದ್ದ ಕಂದಾಯವನ್ನು ರೊಕ್ಕದಲ್ಲಿ ಕಟ್ಟಬೇಕಾಗಿ ಬಂದಾಗ ಕಂಗಾಲಾದರು. 1837ರಲ್ಲಿ, ಬಂಡಾಯದ ಮುಂದಾಳೆನಿಸಿದ ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಕೈಬರಹದ ನಿರೂಪಗಳು ಊರಿಂದೂರಿಗೆ ಹೋದವು: ಉಪ್ಪು, ಹೊಗೆಸೊಪ್ಪಿನ ಸುಂಕ ರದ್ದು, ಕಂದಾಯದಲ್ಲಿ ಮಾಫಿ. ಅಚ್ಚುಮೊಳೆ ಇಲ್ಲ, ಮುದ್ರಣಾಲಯ ಇಲ್ಲ. ಓಡುವ ಕಾಲು ಮತ್ತು ಓದಿ ಹೇಳುವ ಬಾಯಿ ಇದ್ದವು. ಅಷ್ಟರಿಂದಲೇ ಜನ ಕೂಡಿ ಏಪ್ರಿಲ್ 5ರಂದು ಮಂಗಳೂರನ್ನು ಹಿಡಿದು ಸುಮಾರು ಹದಿಮೂರು ದಿನ ಇಟ್ಟುಕೊಂಡರು. ಅಕ್ಟೋಬರ್ 31ರಂದು, ಬಂಡಾಯದಲ್ಲಿ ಮುಂದಿದ್ದ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿಸಿದರು. ನಮ್ಮ ಸಾಹಿತ್ಯ ಚರಿತ್ರೆಗಳು ಹತ್ತೊಂಬತ್ತನೆಯ ಶತಮಾನದ ಗದ್ಯವನ್ನು ಲೆಕ್ಕ ಹಾಕುವಾಗ ಈ ನಿರೂಪಗಳ ಹೆಸರೆತ್ತುವುದಿಲ್ಲ. ಸುಂಕದ ವಿಷಯ ಬರೆದ ಕಾಗದ ಜನರನ್ನು ಮನೆಯಿಂದ ಎಬ್ಬಿಸಿತೆಂದರೆ ಆ ಗದ್ಯಕ್ಕೆ ಕಸುವಿತ್ತೆಂದೇ ಅರ್ಥ. ಅದನ್ನು ಕಂದಾಯ ಇಲಾಖೆಯ ಸರಕೆಂದು ಬದಿಗಿಡುವುದು ನನಗೆ ಒಪ್ಪಿಗೆಯಿಲ್ಲ.

ಕೊಡಗು ಕಂಪನಿಯ ಕೈಸೇರಿದ ವರ್ಷವೇ ಬಾಸೆಲ್ ಮಿಷನ್ ಮಂಗಳೂರಿಗೆ ಕಾಲಿಟ್ಟಿತು. ಬ್ರಿಟಿಷರಲ್ಲದ ಮಿಷನರಿಗಳಿಗೂ 1833ರ ಸನದು ಬಾಗಿಲು ತೆರೆದಿತ್ತು. 1834ರಲ್ಲಿ ಹೆಬಿಕ್, ಲೆಹ್ನರ್, ಗ್ರೈನರ್ ಬಂದಿಳಿದರು. 1836ರಲ್ಲಿ ಹರ್ಮನ್ ಮೋಗ್ಲಿಂಗ್ ಬಂದರು. 1841ರ ಹೊತ್ತಿಗೆ ಕಲ್ಲಚ್ಚಿನ ಯಂತ್ರ ಬಂತು, 1843ರ ಜುಲೈ 1ರಂದು 'ಮಂಗಳೂರು ಸಮಾಚಾರ' ಪತ್ರಿಕೆ ಬಂತು. ಆ ಕಲ್ಲಿನಿಂದಲೇ ಸಣ್ಣ ಸಣ್ಣ ಧರ್ಮವಿಚಾರದ ಹೊತ್ತಗೆಗಳು ಹೊರಬಿದ್ದವು; ಸಂತೆ, ಜಾತ್ರೆ, ಶಾಲೆಯ ಜಗಲಿ ಎಲ್ಲೆಡೆ ಅವನ್ನು ಹಂಚಿದರು. ಈ ಪರಂಪರೆಯನ್ನು ಹೊಗಳುವವರು ಪತ್ರಿಕೆ, ನಿಘಂಟು, ವ್ಯಾಕರಣಗಳನ್ನು ತೋರಿಸಿ ಹೊಗಳುತ್ತಾರೆ. ತೆಗಳುವವರು ಮತಾಂತರವನ್ನು ತೋರಿಸಿ ತೆಗಳುತ್ತಾರೆ. ಹೊತ್ತಗೆಗಳನ್ನು ಹೊತ್ತಗೆಗಳಾಗಿ ತೂಗಿ ನೋಡಿದವರು ಕಡಿಮೆ. ಅವು ವಾದದ ಬರಹಗಳು. ವಾದವಾಗಿ ಅವು ಎಷ್ಟು ಗಟ್ಟಿ ಎಂಬುದೇ ನನ್ನ ಪ್ರಶ್ನೆ.

ಇದನ್ನು ಅಳೆಯಲು ಮಿಷನರಿಗಳ ಬೆನ್ನ ಹಿಂದಿದ್ದ ಪರಂಪರೆಯನ್ನೇ ಒಮ್ಮೆ ನೋಡಬೇಕು. 1588–89ರಲ್ಲಿ ಇಂಗ್ಲೆಂಡಿನಲ್ಲಿ ಮಾರ್ಟಿನ್ ಮಾರ್‌ಪ್ರಿಲೇಟ್ ಎಂಬ ಕಳ್ಳಹೆಸರಿನವನು ಬಿಷಪ್ಪರನ್ನು ಹೀಯಾಳಿಸಿ ಬರೆದ ಕರಪತ್ರಗಳನ್ನು, ಮುದ್ರಣಯಂತ್ರವನ್ನು ಮನೆಯಿಂದ ಮನೆಗೆ ಬಚ್ಚಿಟ್ಟು ಸಾಗಿಸುತ್ತ ಅಚ್ಚು ಹಾಕಿದರು. 1640ರ ನಂತರ ಅರಸನಿಗೂ ಪಾರ್ಲಿಮೆಂಟಿಗೂ ಕದನ ಹತ್ತಿದಾಗ ಕರಪತ್ರಗಳ ಮಳೆಯೇ ಸುರಿಯಿತು. ಜಾರ್ಜ್ ಥಾಮಸನ್ ಎಂಬ ಲಂಡನ್ನಿನ ಪುಸ್ತಕ ವ್ಯಾಪಾರಿ 1640ರಿಂದ 1661ರವರೆಗೆ ಸಿಕ್ಕಿದ್ದನ್ನೆಲ್ಲ ಕೂಡಿಟ್ಟ. ಅವನ ರಾಶಿಯಲ್ಲಿ 22,000ಕ್ಕೂ ಹೆಚ್ಚು ಬರಹಗಳಿವೆ. 1643ರಲ್ಲಿ ಪಾರ್ಲಿಮೆಂಟು ಮುದ್ರಣಕ್ಕೆ ಮುಂಚಿತ ಪರವಾನಗಿ ಬೇಕೆಂದಿತು. ಮರುವರ್ಷವೇ ಮಿಲ್ಟನ್ ಅದನ್ನು ಖಂಡಿಸಿ 'ಅರಿಯೊಪಜಿಟಿಕಾ' ಬರೆದ. ಬಟ್ಟೆ ವ್ಯಾಪಾರದಲ್ಲಿ ಸೋತ ವಿನ್‌ಸ್ಟನ್ಲಿ 1649ರಲ್ಲಿ ಭೂಮಿ ಎಲ್ಲರಿಗೂ ಸೇರಿದ್ದೆಂದು ಬರೆದು, ಬೀಳು ನೆಲ ಅಗೆಯಲು ಹೊರಟ. ಆ ಬರಹಗಳಲ್ಲಿ ಬೈಗುಳ ಧಾರಾಳ, ತರ್ಕ ಎಷ್ಟೋ ಕಡೆ ಕುಂಟುತ್ತದೆ. ಆದರೂ ಅದು ನಿಜವಾದ ಕಲಹ. ಬರೆದವನಿಗೆ ಗೊತ್ತಿತ್ತು, ಒಂದೆರಡು ವಾರದಲ್ಲಿ ಎದುರಾಳಿಯ ಉತ್ತರ ಅಚ್ಚಾಗಿ ಬರುತ್ತದೆ ಎಂದು. ಎದುರಾಳಿ ಓದುತ್ತಾನೆಂಬ ಎಚ್ಚರ ವಾಕ್ಯವನ್ನು ಬಿಗಿ ಮಾಡುತ್ತದೆ.

ಮಂಗಳೂರಿನ ಹೊತ್ತಗೆಗಳಲ್ಲಿ ಇಲ್ಲದ್ದು ಈ ಎಚ್ಚರ. 'ದೇವವಿಚಾರಣೆ', 'ಜಾತಿವಿಚಾರಣೆ' ಎಂಬ ಹೆಸರುಗಳಲ್ಲೇ ಚಾವಡಿಯ ಗಾಳಿ ಇದೆ: ವಿಚಾರಣೆ ಅಂದರೆ ಹುಡುಕಾಟವೂ ಹೌದು, ಕಚೇರಿಯ ವಿಚಾರಣೆಯೂ ಹೌದು. ಇಡೀ ಪ್ರಕಾರದ ನಡೆಯೇ ಎರಡನೆಯ ಅರ್ಥದ ಕಡೆಗೆ ವಾಲುತ್ತದೆ. ಪ್ರಶ್ನೆ ಕೇಳುವವನೂ ತೀರ್ಪು ಕೊಡುವವನೂ ಒಬ್ಬನೇ. ಪುರಾಣದ ದೇವರುಗಳ ನಡತೆಯನ್ನು ಎತ್ತಿ ಆಡಿದರೆ ಸಾಲದು. ಅದನ್ನು ನಂಬಿದ ವಿದ್ವಾಂಸ ಅದಕ್ಕೆ ಯಾವ ಅರ್ಥ ಹೇಳುತ್ತಾನೆ ಎಂಬುದಕ್ಕೆ ಜಾಗ ಬೇಕಿತ್ತು. ಮಠದಲ್ಲಿ, ಅರಳಿಕಟ್ಟೆಯಲ್ಲಿ ಬಾಯಿಮಾತಿನ ಉತ್ತರ ಎಷ್ಟು ಚುರುಕಾಗಿದ್ದರೂ ಅದಕ್ಕೆ ಅಚ್ಚಿನ ಕಲ್ಲು ಇರಲಿಲ್ಲ. ಮುದ್ರಣದ ಪರವಾನಗಿಯ ಕಟ್ಟನ್ನು 1835ರಲ್ಲೇ ಹಂಗಾಮಿ ಗವರ್ನರ್ ಜನರಲ್ ಮೆಟ್ಕಾಫ್ ಸಡಿಲಿಸಿದ್ದ; ಕಾನೂನು ಅಡ್ಡ ಬರಲಿಲ್ಲ, ಬಂಡವಾಳ ಅಡ್ಡ ಬಂತು. ಒಂದು ಕೈಯಿಂದ ಚಪ್ಪಾಳೆ ಆಗುವುದಿಲ್ಲ ಎಂದು ನಮ್ಮಲ್ಲಿ ಅನ್ನುತ್ತಾರಲ್ಲ, ಆ ದಶಕಗಳ ಕನ್ನಡ ಧರ್ಮವಾದದ ಸ್ಥಿತಿ ಅದು.

ಇದನ್ನು ಕನ್ನಡಕ್ಕೆ ವಾದವೇ ಹೊಸದು ಎಂಬಂತೆ ಓದಬಾರದು. ಹನ್ನೆರಡನೆಯ ಶತಮಾನದ ಬ್ರಹ್ಮಶಿವ 'ಸಮಯಪರೀಕ್ಷೆ'ಯಲ್ಲಿ ತನ್ನದಲ್ಲದ ಮತಗಳನ್ನೆಲ್ಲ ಝಾಡಿಸಿದ್ದಾನೆ. ವೃತ್ತವಿಲಾಸನ 'ಧರ್ಮಪರೀಕ್ಷೆ' ಅದೇ ಜಾಡಿನದು. ಬ್ರಹ್ಮಶಿವನ ಮಾತು ಮಿಷನ್ನಿನ ಯಾವ ಹೊತ್ತಗೆಗಿಂತಲೂ ಒರಟು. ಆದರೆ ಅವನು ತಾನು ಬಿಟ್ಟುಬಂದ ಮನೆಯೊಂದಿಗೆ ಜಗಳ ಆಡುತ್ತಿದ್ದ, ಒಳಗಿನ ಸಂದುಗೊಂದು ಬಲ್ಲವನಾಗಿ ಆಡುತ್ತಿದ್ದ.

ಒಂದು ಸಂಗತಿ ನನ್ನನ್ನು ಬಹಳ ಕಾಡಿದೆ. ಜಾನ್ ಬನಿಯನ್ 1660ರಿಂದ ಹನ್ನೆರಡು ವರ್ಷ ಬೆಡ್‌ಫರ್ಡಿನ ಸೆರೆಯಲ್ಲಿದ್ದ, ಪರವಾನಗಿ ಇಲ್ಲದೆ ಬೋಧನೆ ಮಾಡಿದ ತಪ್ಪಿಗೆ. ಕುಲುಮೆಯ ಕೆಲಸದ ಆ ಬಡವ ಬರೆದ ಯಾತ್ರಿಕನ ಕಥೆ 1678ರಲ್ಲಿ ಅಚ್ಚಾಯಿತು, 1840ರ ದಶಕದಲ್ಲಿ ಕನ್ನಡಕ್ಕೂ ಬಂತು. ಅಲ್ಲಿ ಅದು ದೊರೆಗಳ ಕಾಟಕ್ಕೆ ಸಿಕ್ಕವನ ಪುಸ್ತಕ. ಇಲ್ಲಿಗೆ ಬಂದಾಗ ದೊರೆಗಳ ಮತದ ಪುಸ್ತಕವಾಗಿ ಕೈಸೇರಿತು. ಒಂದಕ್ಷರ ಬದಲಾಗದೆ ಅರ್ಥ ಬೆನ್ನು ತಿರುಗಿಸಿತು. ಮಿಷನರಿಗಳು ಸ್ವತಃ ದೊರೆಗಳಲ್ಲ, ಜರ್ಮನ್ ನಾಡಿನ ಸಾಧಾರಣ ಮನೆಯವರು, ನಿಜ. ಜಗಲಿಯ ಮೇಲೆ ಕೂತು ಕೇಳುತ್ತಿದ್ದವನಿಗೆ ಆ ವ್ಯತ್ಯಾಸ ಎಲ್ಲಿಂದ ಕಾಣಬೇಕು?

ಹಾಗೆಂದು ಈ ಪರಂಪರೆಯಿಂದ ಕನ್ನಡಕ್ಕೆ ದಕ್ಕಿದ್ದನ್ನು ಅಲ್ಲಗಳೆಯಲಾರೆ. ಓದುಗನನ್ನು ಎದುರಿಗೆ ಕೂರಿಸಿಕೊಂಡು ಮಾತಾಡುವ ಗದ್ಯ, ಸಂಸ್ಕೃತದ ಭಾರ ಇಳಿಸಿಕೊಂಡ ವಾಕ್ಯ, ಗಾದೆಯನ್ನು ಸಾಕ್ಷಿಗೆ ಕರೆಯುವ ರೀತಿ ಈ ಬರಹಗಳಲ್ಲಿ ಹದಗೊಂಡವು. ಮುಂದೆ ಕನ್ನಡದ ಪತ್ರಿಕಾ ಲೇಖನ ನಡೆದದ್ದು ಈ ದಾರಿಯಲ್ಲೇ.

ಜಾತಿಯ ವಿಷಯಕ್ಕೆ ಬಂದಾಗ ನನ್ನ ತಕರಾರು ಮೆತ್ತಗಾಗುತ್ತದೆ. ಅಲ್ಲಿ ಹೊತ್ತಗೆ ಹುಣ್ಣಿನ ಮೇಲೆಯೇ ಬೆರಳಿಟ್ಟಿತ್ತು. 1844ರಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಬ್ರಾಹ್ಮಣ ತರುಣ ದೀಕ್ಷೆ ಪಡೆದಾಗ ಮಂಗಳೂರು ಹೊತ್ತಿ ಉರಿದಂತಾಯಿತು. ಒಬ್ಬನ ಹೆಜ್ಜೆ ನೂರು ಹೊತ್ತಗೆಗಿಂತ ಹೆಚ್ಚು ಮಾತಾಡಿತು. ಪ್ರತಿವಾದವೂ ಕೊನೆಗೆ ಕೆಲಸದ ರೂಪದಲ್ಲೇ ಬಂತು. 1870ರಲ್ಲಿ ಉಳ್ಳಾಲ ರಘುನಾಥಯ್ಯನವರ ಮುಂದಾಳ್ತನದಲ್ಲಿ ಮಂಗಳೂರಿನಲ್ಲಿ ಬ್ರಹ್ಮಸಮಾಜ ಹುಟ್ಟಿತು. ಅದರೊಳಗಿಂದ ಬಂದ ಕುದ್ಮುಲ್ ರಂಗರಾಯರು 1890ರ ದಶಕದಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದು, ಬಹಿಷ್ಕಾರ ಉಂಡು, ಮತ ಬಿಡದೆಯೇ ಜಾತಿಯನ್ನು ಎದುರಿಸಬಹುದೆಂದು ತೋರಿಸಿದರು. 'ಜಾತಿವಿಚಾರಣೆ'ಗೆ ಕನ್ನಡನಾಡು ಕೊಟ್ಟ ಸರಿಯಾದ ಉತ್ತರ ಆ ಶಾಲೆ. ಅರ್ಧ ಶತಮಾನ ತಡವಾಯಿತು ಅಷ್ಟೇ.

ಕೊಡಗಿನಲ್ಲಿ ಈ ಪ್ರಶ್ನೆ ಇನ್ನೂ ಬಿಸಿಯಾಗಿತ್ತು. 1853ರಲ್ಲಿ ಮೋಗ್ಲಿಂಗ್ ಕೊಡಗಿಗೆ ಬಂದು ಆಲ್ಮಂಡ ಮನೆತನದ ನೆಲದಲ್ಲಿ ನೆಲೆನಿಂತರು. ಮೊದಲು ಅವರ ಕಣ್ಣು ಕೊಡವರ ಒಕ್ಕಗಳ ಮೇಲಿತ್ತು, ಅದು ಕೈಗೂಡಲಿಲ್ಲ. ಹತ್ತಿರ ಬಂದವರು ಗದ್ದೆಯಲ್ಲಿ ತಲೆತಲಾಂತರದಿಂದ ದುಡಿಯುತ್ತಿದ್ದ ದಲಿತ ಜೀತದಾಳುಗಳು. ಅವರಲ್ಲಿ ನೆಲದ ಜೊತೆಗೆ ಕೈಬದಲಾಗುವವರು ಭೂಮಿ ಜಮ್ಮದಾಳು, ಮನೆಗೆ ಸೇರಿದವರು ಒಕ್ಕಲು ಜಮ್ಮದಾಳು ಎನಿಸಿಕೊಂಡಿದ್ದರು. ಅವರಿಗಾಗಿ ಸಿದ್ದಾಪುರದ ಕಡೆ ಆನಂದಪುರ ಎಂಬ ಊರೇ ಎದ್ದಿತು. ಓದಲು ಬಾರದವನಿಗೆ ಹೊತ್ತಗೆ ಏನು ಮಾಡೀತು? ಬೇಕಿದ್ದದ್ದು ಕಾಲೂರಲು ನೆಲ. ಆ ನೆಲ ಮತದ ಜೊತೆ ಕಟ್ಟಿಕೊಂಡು ಬಂತೆಂದು ದೂರುವ ಮೊದಲು, ಬೇರೆ ಯಾರಾದರೂ ಅದನ್ನು ಕೊಡಲು ಮುಂದೆ ಬಂದಿದ್ದರೇ ಎಂದು ಕೇಳಿಕೊಳ್ಳಬೇಕು. ಸುಂಟಿಕೊಪ್ಪದ ಸುತ್ತಲಿನ ತೋಟಗಳ ಲೈನ್ ಮನೆಗಳನ್ನು ದಿನವೂ ನೋಡುವ ನನಗೆ ಈ ಪ್ರಶ್ನೆ ಹಳೆಯದೆನಿಸುವುದಿಲ್ಲ.

ಇನ್ನು ರಾಜಕೀಯ ವಾದ. 1855ರಲ್ಲಿ ಮೋಗ್ಲಿಂಗ್ ಇಂಗ್ಲಿಷಿನಲ್ಲಿ 'ಕೂರ್ಗ್ ಮೆಮೊಯರ್ಸ್' ಪ್ರಕಟಿಸಿದರು. ಅದರಲ್ಲಿ ಕೊಡಗನ್ನು ಆಳಿದ್ದ ಹಾಲೇರಿ ಅರಸರ ಕ್ರೌರ್ಯದ ಚಿತ್ರ ದಟ್ಟವಾಗಿದೆ. ಓದಿ ಮುಗಿಸಿದವನಿಗೆ ಕಂಪನಿಯ ಆಳ್ವಿಕೆ ದೇವರ ಕೃಪೆಯಂತೆ ಕಾಣಬೇಕು. ಅತ್ತ ಪದಚ್ಯುತ ಚಿಕ್ಕವೀರರಾಜೇಂದ್ರ ಲಂಡನ್ನಿಗೆ ಹೋಗಿದ್ದ. 1852ರಲ್ಲಿ ಅವನ ಮಗಳು ಗೌರಮ್ಮನ ದೀಕ್ಷೆಗೆ ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿದ್ದಳು. ಕಂಪನಿಯಲ್ಲಿದ್ದ ಹಣಕ್ಕಾಗಿ ಅವನು ಅಲ್ಲೇ ದಾವೆ ಹೂಡಿದ್ದ. 1857ರಲ್ಲಿ ಅವನ ಸೇವೆಯಲ್ಲಿದ್ದ ಅಧಿಕಾರಿಯೊಬ್ಬ ಹೆಸರು ಹೇಳದೆ 'ಕೂರ್ಗ್ ಅಂಡ್ ಇಟ್ಸ್ ರಾಜಾಸ್' ಎಂಬ ಪುಸ್ತಕ ಹೊರತಂದು ಅರಸನ ಪರ ವಾದಿಸಿದ. ಕೊನೆಗೂ ಇಲ್ಲಿ ಎರಡು ಕೈ ಸೇರಿ ಚಪ್ಪಾಳೆ ಕೇಳಿಸಿತು, ಆದರೆ ಲಂಡನ್ನಿನ ಓದುಗನಿಗೆ. ಯಾರ ನಾಡಿನ ಬಗ್ಗೆ ಜಗಳವೋ ಅವರ ಭಾಷೆಯಲ್ಲಿ ಅದು ನಡೆಯಲಿಲ್ಲ. ಇಬ್ಬರಲ್ಲಿ ಯಾರನ್ನೂ ನಾನು ಪೂರ್ತಿ ನಂಬಲಾರೆ: ಒಬ್ಬರಿಗೆ ಆಳ್ವಿಕೆ ಉಳಿಯಬೇಕಿತ್ತು, ಇನ್ನೊಬ್ಬನಿಗೆ ಒಡೆಯನ ದಾವೆ ಗೆಲ್ಲಬೇಕಿತ್ತು.

ಅದೇ 1857ರಲ್ಲಿ ಮೋಗ್ಲಿಂಗ್ ಇನ್ನೊಂದು ಕೆಲಸ ಮಾಡಿದರು. ಅದೇ ಹಾಲೇರಿ ಮನೆತನದ ಹಿಂದಿನ ಅರಸ ದೊಡ್ಡವೀರರಾಜೇಂದ್ರ ತನ್ನ ವಂಶದ ಚರಿತ್ರೆಯಾಗಿ ಕನ್ನಡದಲ್ಲಿ ಬರೆಸಿದ್ದ 'ರಾಜೇಂದ್ರನಾಮೆ'ಯನ್ನು ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು. 1633ರಿಂದ 1807ರವರೆಗಿನ ಕಥೆಯನ್ನು ಅರಸು ತನ್ನ ಬಾಯಲ್ಲೇ ಹೇಳಿಸಿಕೊಂಡ ಗ್ರಂಥ ಅದು. ಯಾರನ್ನು ತಮ್ಮ ಪುಸ್ತಕದಲ್ಲಿ ಕಟಕಟೆಗೆ ಎಳೆದಿದ್ದರೋ ಅವರ ಹೇಳಿಕೆಯನ್ನೇ ಕನ್ನಡ ಓದುಗರ ಕೈಗೆ ಕೊಟ್ಟರು. ಇದಕ್ಕೂ ಮೊದಲು ದಾಸರ ಪದಗಳನ್ನು, ಬಸವಪುರಾಣವನ್ನು, ಜೈಮಿನಿ ಭಾರತವನ್ನು ಅಚ್ಚಿಗೆ ತಂದದ್ದೂ ಇವರೇ. ಹೊತ್ತಗೆಗಳು ಖಂಡಿಸುತ್ತಿದ್ದ ಭಕ್ತಿಯನ್ನೇ ಆ ಪುಸ್ತಕಗಳು ಮನೆಮನೆಗೆ ಮುಟ್ಟಿಸಿದವು. ಬಾಸೆಲ್ ಪರಂಪರೆಯ ವಾದಗಳನ್ನು ಇಂದು ಹುಡುಕಿ ಓದುವವರು ಬೆರಳೆಣಿಕೆಯಷ್ಟು. 'ರಾಜೇಂದ್ರನಾಮೆ'ಯ ಪುಟವನ್ನು ಮಾತ್ರ, ಕೊಡಗಿನ ಚರಿತ್ರೆ ಬರೆಯಲು ಕೂತವರೆಲ್ಲ ಇವತ್ತಿಗೂ ತೆರೆಯುತ್ತಾರೆ.